ಆಟದಲ್ಲಿಲ್ಲದ ಓಣಿ

'ಹವ್ಯಾಸಿ ಪತ್ರಕರ್ತೆ' ಎಂಬ ಮಾತನ್ನು ಹುಟ್ಟುಹಾಕಿದ ಮಹಾನುಭಾವ ಯಾರೋ ತಿಳಿಯದು. ಆತನಿಗೆ ಆ ಹೊತ್ತು ಹೊಟ್ಟೆ ತುಂಬಿತ್ತು ಎನ್ನುವುದು ಮಾತ್ರ ಖಚಿತ. ಬರೆದದ್ದನ್ನು ಹೊತ್ತುಕೊಂಡು ಬಾಗಿಲಿನಿಂದ ಬಾಗಿಲಿಗೆ ಅಲೆಯುವುದು ಹವ್ಯಾಸವಾದರೆ, ಮೂಟೆ ಹೊರುವುದು ವ್ಯಾಯಾಮ, ಬಟ್ಟೆ ಒಗೆಯುವುದು ಜಲಕ್ರೀಡೆ.

ನಮ್ಮ ಪತ್ರಕರ್ತೆಯ ಉದ್ಯೋಗಕ್ಕೆ ಅವಳ ಚಿಕ್ಕಮ್ಮ ಇದಕ್ಕಿಂತ ನಿಖರವಾದ ಹೆಸರಿಟ್ಟಿದ್ದಳು: ಮೂರು ಮನೆ ಸೊಸೆ.

"ಒಂದು ಮನೇಲಿ ಮುಸುರೆ, ಇನ್ನೊಂದು ಮನೇಲಿ ಕಸ, ಮತ್ತೊಂದು ಮನೇಲಿ ಬಟ್ಟೆ. ಊಟದ ಹೊತ್ತಿಗೆ ಮೂರೂ ಮನೆಯವರು 'ನಿಂದು ಅಲ್ಲಿ ಆಗಿರುತ್ತಲ್ಲ' ಅಂತಾರೆ," ಎಂದು ಚಿಕ್ಕಮ್ಮ ಹೊಲಿಗೆ ಮಿಷನ್ನಿನ ಮೇಲಿಂದ ತಲೆಯೆತ್ತದೆ ಹೇಳುತ್ತಿದ್ದಳು.

ಮೂರು ಮನೆಗೆ ಮೂವರು ಅತ್ತೆಯರು. ಅವರಲ್ಲಿ ಇಬ್ಬರಿಗೆ ಮೀಸೆ. ಸಾಮಾಜಿಕ ನ್ಯಾಯಕ್ಕೆಂದೇ ಮೀಸಲಾದ ಮಾಸಪತ್ರಿಕೆಯ ಸಂಪಾದಕರು ದೊಡ್ಡತ್ತೆ. ದುಡಿಮೆಯ ಘನತೆಯ ಬಗ್ಗೆ ಅವರು ಮಾತಾಡುವಾಗ ಕಸ ಗುಡಿಸುವಾಕೆ ಬಂದರೆ, ಮಾತು ಒಂದಿಷ್ಟೂ ತುಂಡಾಗದಂತೆ ಎರಡೂ ಕಾಲುಗಳನ್ನು ಮೇಲೆತ್ತಿಕೊಳ್ಳುವ ಕಲೆ ಅವರಿಗೆ ಸಿದ್ಧಿಸಿತ್ತು. ರಾಜಕೀಯ ಸುದ್ದಿಯ ಜಾಲತಾಣ ನಡೆಸುವವರು ನಡುವಿನತ್ತೆ. ಯಾವ ಸುದ್ದಿ ಒಯ್ದರೂ ಅವರದು ಒಂದೇ ಪ್ರಶ್ನೆ: "ಇದರಿಂದ ಯಾರ ಕುರ್ಚಿ ಅಲ್ಲಾಡುತ್ತೆ?" ಕುರ್ಚಿಯೇ ಇಲ್ಲದವರ ಸುದ್ದಿಯಲ್ಲಿ ಅಲ್ಲಾಡುವುದೇನೂ ಇರುವುದಿಲ್ಲವಾದ್ದರಿಂದ ಅಂಥವು ಅಲ್ಲೇ ಅಸುನೀಗುತ್ತಿದ್ದವು. ಕಿರಿಯತ್ತೆ, ವಿಡಿಯೊ ಗೇಮ್‌ಗಳ ವಿಮರ್ಶೆ ಪ್ರಕಟಿಸುವ ತಾಣದ ಯುವ ಸಂಪಾದಕಿ. ಕುತ್ತಿಗೆಗೆ ಸದಾ ಹೆಡ್‌ಫೋನ್ ನೇತುಹಾಕಿಕೊಂಡು, "ನಮ್ಮ ಓದುಗರು ಆಡೋಕೆ ಬರ್ತಾರೆ ಮೇಡಂ, ಅಳೋಕಲ್ಲ" ಎನ್ನುವುದು ಆಕೆಯ ಸಂಪಾದಕೀಯ ನೀತಿ.

ಒಬ್ಬೊಬ್ಬರೂ ಪತ್ರಕರ್ತೆಯ ಉಳಿದೆರಡು ಮನೆಗಳನ್ನು ಅವಳ ದುಶ್ಚಟಗಳೆಂದೇ ತಿಳಿದಿದ್ದರು. ಹೀಗಿರುವಾಗ ಒಂದು ವಾರ, ಆಶ್ಚರ್ಯವೆಂಬಂತೆ, ಮೂವರೂ ಅವಳಿಗೆ ಒಂದೇ ಸಮಾರಂಭದ ಬಗ್ಗೆ ಬರೆಯಲು ಹೇಳಿದರು.

ನಗರದ ಮೇಯರ್ ಒಂದು ವಿಡಿಯೊ ಗೇಮ್ ಮಾಡಿಸಿದ್ದರು. ಹೆಸರು 'ಸಮನಗರ'. ಆಡುವವರೇ ಮೇಯರ್ ಆಗಿ, ನಮ್ಮದೇ ನಗರದ ಬೀದಿಗಳಲ್ಲಿ ಸಂಚರಿಸಿ, ಕಂಡಕಂಡವರಿಗೆ ನ್ಯಾಯ ಕೊಡಬೇಕು. ಚರಂಡಿಗಿಳಿದವನ ಎದುರು ಹಸಿರು ಗುಂಡಿ ಒತ್ತಿದರೆ ಅವನ ಕೈಗೆ ಗವಸು ಬರುತ್ತದೆ, ತಲೆಯ ಮೇಲೆ ಹಳದಿ ನಗುಮುಖವೊಂದು ಮೂಡುತ್ತದೆ, ಆಡುವವರ ಖಾತೆಗೆ ನ್ಯಾಯದ ಅಂಕ ಸೇರುತ್ತದೆ. ಸಾಕಷ್ಟು ನ್ಯಾಯ ಕೂಡಿಹಾಕಿದವರು ಅದನ್ನು ಕೊಟ್ಟು ಪ್ರತಿಮೆ ಕೊಳ್ಳಬಹುದು.

ಶನಿವಾರ ಸಭಾಭವನದಲ್ಲಿ ಆಟದ ಬಿಡುಗಡೆ. ಸೋಮವಾರ ಪಾಲಿಕೆಯ ಸಭೆಯಲ್ಲಿ ನಗರ ಸುಂದರೀಕರಣ ಯೋಜನೆಗೆ ಒಪ್ಪಿಗೆ. ಆ ಯೋಜನೆಯ ನಕ್ಷೆಯನ್ನು ಯಾರಿಗೂ ತೋರಿಸಿರಲಿಲ್ಲ. ಪತ್ರಕರ್ತೆ ವಿಚಾರಿಸಲು ಹೋದಾಗ ಪಾಲಿಕೆಯ ಎಂಜಿನಿಯರು ಬಹಳ ಸೌಜನ್ಯದಿಂದ ವಿವರಿಸಿದ್ದರು: "ಒಪ್ಪಿಗೆ ಆದ್ಮೇಲೆ ಧಾರಾಳವಾಗಿ ನೋಡಿ. ಆಕ್ಷೇಪಣೆ ಇದ್ರೆ ಒಪ್ಪಿಗೆಗೆ ಮೊದಲೇ ಕೊಡಿ."

ವಿಮರ್ಶಕರಿಗೆ ಆಟದ ಪ್ರತಿಗಳು ಬುಧವಾರವೇ ಬಂದವು. ಜೊತೆಗೆ ಈ ವ್ಯಾಪಾರದ ಮಾಮೂಲಿ ಷರತ್ತು: ಶನಿವಾರ ಮೇಯರ್ ಗುಂಡಿ ಒತ್ತಿ ಆಟ ಶುರುಮಾಡುವವರೆಗೆ ಒಂದಕ್ಷರವೂ ಹೊರಗೆ ಬೀಳಕೂಡದು. ಮೀರಿದವರಿಗೆ ಮುಂದೆಂದೂ ಯಾವ ಆಟವೂ ಬರುವುದಿಲ್ಲ.

ಪತ್ರಕರ್ತೆ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಳು. ಮುಂದಿನ ಕೋಣೆಯಲ್ಲಿ ಚಿಕ್ಕಮ್ಮನ ಮಿಷನ್ನು. ನಡುವೆ, ಗಿರಾಕಿಗಳ ಬಟ್ಟೆಯಲ್ಲಿ ಮಿಕ್ಕ ಚೂರುಗಳನ್ನೆಲ್ಲ ಸೇರಿಸಿ ಹೊಲಿದ ಒಂದು ಪರದೆ. ಅವಳು ನಡೆಯಲು ಕಲಿತದ್ದು, ಓದಲು ಕಲಿತದ್ದು, ಅಪ್ಪ ಅಮ್ಮ ಇಲ್ಲವಾದ ಮೇಲೆ ಅಳುವುದನ್ನು ಬಿಟ್ಟದ್ದು ಎಲ್ಲವೂ ಈ ಎರಡು ಕೋಣೆಗಳಲ್ಲೇ. ಮನೆ ಇರುವುದು ಮೂರು ಕಡೆ ಮುರಿದು ತಿರುಗುವ ಒಂದು ಡೊಂಕು ಓಣಿಯಲ್ಲಿ. ಓಣಿಯ ಒಂದು ತುದಿಗೆ ಹಳೆಯ ನೀರಿನ ಟ್ಯಾಂಕು, ಇನ್ನೊಂದು ತುದಿಗೆ ಮುಳ್ಳೊಂದನ್ನು ಕಳೆದುಕೊಂಡ ಗಡಿಯಾರದ ಕಟ್ಟಡ. ನಡುವೆ ಮನೆಗಳು ಬಸ್ಸಿನಲ್ಲಿ ನಿದ್ದೆಹೋದ ಪ್ರಯಾಣಿಕರಂತೆ ಒಂದರ ಹೆಗಲಿಗೊಂದು ಒರಗಿ ನಿಂತಿದ್ದವು.

ಗೇಮ್ ವಿಮರ್ಶಕರಿಗೊಂದು ವಿಚಿತ್ರ ಅಭ್ಯಾಸ. ಆಟ ಬಾಣದ ಗುರುತು ಹಾಕಿ ಇತ್ತ ಬನ್ನಿ ಎಂದು ಕರೆದರೆ ಅವರು ಅತ್ತ ಹೋಗುತ್ತಾರೆ. ಗೋಡೆಗೋಡೆಗೂ ಮೂತಿ ಗುದ್ದಿಕೊಂಡು, ಎಲ್ಲಿ ಬಣ್ಣ ಬಳಿಯುವುದನ್ನು ಮರೆತಿದ್ದಾರೆ, ಎಲ್ಲಿ ಬಾಗಿಲು ಬರೀ ಚಿತ್ರ ಎಂದು ಹುಡುಕುತ್ತಾರೆ. ಮೂಲೆ ನೋಡದೆ ಅಂಕ ಕೊಡುವವನನ್ನು ಆ ಬಳಗದಲ್ಲಿ ಯಾರೂ ಮನುಷ್ಯನೆಂದು ಲೆಕ್ಕಿಸುವುದಿಲ್ಲ. ಪತ್ರಕರ್ತೆಯೂ ಬಾಣವನ್ನು ಬಿಟ್ಟು, ಸಹಜವಾಗಿ, ತನ್ನ ಮನೆಯ ಕಡೆ ನಡೆದಳು.

ಗಡಿಯಾರದ ಕಟ್ಟಡ ಸಿಕ್ಕಿತು. ಕಳೆದ ಮುಳ್ಳನ್ನೂ ಅಷ್ಟೇ ಶ್ರದ್ಧೆಯಿಂದ ಕಳೆದಿದ್ದರು. ದೂರದಲ್ಲಿ ನೀರಿನ ಟ್ಯಾಂಕು, ಅದರ ತುಕ್ಕಿನ ಕಲೆಯ ಸಮೇತ. ಎರಡರ ನಡುವೆ ಗೆರೆ ಎಳೆದಂತೆ ನೇರವಾದ, ವಿಶಾಲವಾದ ರಸ್ತೆ. ಇಕ್ಕೆಲದಲ್ಲಿ ಒಂದೇ ಎತ್ತರದ ಮರಗಳು, ನಾಯಿ ಹಿಡಿದು ನಡೆಯುವ ನಾಗರಿಕರು, ಎಲ್ಲರ ನೆತ್ತಿಯ ಮೇಲೂ ಹಳದಿ ನಗುಮುಖ.

ಓಣಿ ಇರಲಿಲ್ಲ.

ಅವಳು ಹಿಂದೆ ಹೋದಳು, ಮುಂದೆ ಬಂದಳು. ಚಿಕ್ಕಮ್ಮನ ಮಿಷನ್ನು ಇರಬೇಕಾದ ಜಾಗದಲ್ಲಿ ಒಂದು ಕಾರಂಜಿ ಚಿಮ್ಮುತ್ತಿತ್ತು.

ಪರದೆಯಾಚೆ ಮಿಷನ್ನು ಗಡಗಡ ಓಡುತ್ತಲೇ ಇತ್ತು.

ಇದು ಚಿತ್ರಕಾರರ ಸೋಮಾರಿತನವೂ ಆಗಿರಬಹುದಲ್ಲ? ಡೊಂಕು ಓಣಿಗಿಂತ ನೇರ ರಸ್ತೆ ಬರೆಯುವುದು ಸುಲಭ. ಅವಳು ಆಟದ ಕಂಪನಿಯ ಪ್ರಚಾರದಾಕೆಗೆ ಫೋನ್ ಮಾಡಿದಳು. ದನಿಯಲ್ಲಿ ಜೇನು ತುಂಬಿಕೊಂಡೇ ಕೇಳಿದಳು.

"ನಗರ ತುಂಬಾ ಚೆನ್ನಾಗಿ ಬಂದಿದೆ ಮೇಡಂ. ಎಲ್ಲ ನೀವೇ ಕಲ್ಪನೆ ಮಾಡ್ಕೊಂಡಿದ್ದಾ?"

"ಅಯ್ಯೋ, ಕಲ್ಪನೆ ಅಂತ ಬರೀಬೇಡಿ!" ಪ್ರಚಾರದಾಕೆಗೆ ನೋವೇ ಆಯಿತು. "ಇಂಚಿಂಚೂ ನಿಜ. ಹೊಚ್ಚ ಹೊಸ ನಕ್ಷೆ ಕೊಡಿ ಅಂತ ಕೇಳಿದ್ವಿ, ಪಾಲಿಕೆಯವರು ತಕ್ಷಣ ಕೊಟ್ರು. ಎಷ್ಟು ಹೊಸದು ಅಂದ್ರೆ, ಇನ್ನೂ ಯಾರಿಗೂ ತೋರಿಸೇ ಇಲ್ವಂತೆ. ನಮಗೇ ಮೊದಲು! ಇದನ್ನ ಬೇಕಾದ್ರೆ ಶನಿವಾರದ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿ."

ಪತ್ರಕರ್ತೆ ಫೋನ್ ಇಟ್ಟಳು. ಪಾಲಿಕೆ ಜನರಿಂದ ಬಚ್ಚಿಟ್ಟದ್ದನ್ನು ಆಟವಾಡುವವರ ಕೈಗೆ ಕೊಟ್ಟು ಮರೆತಿತ್ತು. ಗೇಮ್ ಆಡುವವರು ಪಾಲಿಕೆಯ ಗೊಡವೆಗೆ ಹೋಗುವುದಿಲ್ಲ, ಪಾಲಿಕೆಯ ಗೊಡವೆಗೆ ಹೋಗುವವರು ಗೇಮ್ ಆಡುವುದಿಲ್ಲ ಎಂಬುದು ಅವರ ಲೆಕ್ಕ. ಮೂರು ಮನೆ ಸೊಸೆಯೊಬ್ಬಳಿದ್ದಾಳೆಂಬುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಸೋಮವಾರದೊಳಗೆ ಏನಾದರೂ ಆಗದಿದ್ದರೆ ಓಣಿ ಉಳಿಯುವುದಿಲ್ಲ. ಅವಳು ಷರತ್ತನ್ನು ಗಾಳಿಗೆ ತೂರಿ ಬರೆಯುವುದೆಂದು ನಿಶ್ಚಯಿಸಿ, ಒಬ್ಬೊಬ್ಬ ಅತ್ತೆಯ ಬಾಗಿಲನ್ನೂ ತಟ್ಟಿದಳು.

ದೊಡ್ಡತ್ತೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಿರಾಶ್ರಿತರ ನೋವು ಬಹಳ ದೊಡ್ಡ ವಿಷಯ ಕಣಮ್ಮ. ಅದಕ್ಕೆ ವಿಡಿಯೊ ಗೇಮ್ ಆಧಾರ ಅಂದ್ರೆ ವಿಷಯದ ಗಾಂಭೀರ್ಯ ಏನಾಗಬೇಕು? ಮೊದಲು ಮನೆಗಳು ಬೀಳಲಿ. ಆಮೇಲೆ ಒಂದು ವಿಶೇಷ ಸಂಚಿಕೆಯನ್ನೇ ತರೋಣ."

ನಡುವಿನತ್ತೆ ಎರಡು ಫೋನ್‌ಗಳ ನಡುವೆ ಕಿವಿಗೆ ಬಿಡುವು ಮಾಡಿಕೊಂಡರು. "ಓಣೀಲಿ ಯಾರು ದೊಡ್ಡೋರಿದಾರೆ? ಯಾರೂ ಇಲ್ವಾ? ಮತ್ತೆ ಯಾರ ಕುರ್ಚಿ ಅಲ್ಲಾಡುತ್ತೆ ಹೇಳಿ. ಇದು ಗೇಮ್ ಸುದ್ದಿ, ಗೇಮ್‌ನವರಿಗೇ ಕೊಡಿ."

ಕಿರಿಯತ್ತೆಯಂತೂ ಹೆಡ್‌ಫೋನನ್ನು ಕಿವಿಗೇ ಏರಿಸಿಕೊಂಡಳು. "ಆಟದಲ್ಲಿ ರಾಜಕೀಯ ತರಬೇಡಿ ಮೇಡಂ, ಪ್ಲೀಸ್."

"ಆಟ ಮಾಡಿಸಿದ್ದೇ ಮೇಯರ್ ಅಲ್ವಾ?"

"ಅದು ಬೇರೆ. ಅವರು ತಂದ್ರೆ ಅದು ಕಥಾವಸ್ತು." ಆಮೇಲೆ ಮೆತ್ತಗಾಗಿ, "ಅಂದಹಾಗೆ, ಶನಿವಾರ ವೇದಿಕೆ ಮೇಲೆ ಮೇಯರ್ ಜೊತೆ ಆಡೋದು ನೀವೇ. ನಮ್ಮ ತಾಣದಲ್ಲೇ ನೇರ ಪ್ರಸಾರ ಇರುತ್ತೆ. ನಾನೇ ನಿಮ್ಮ ಹೆಸರು ಕೊಟ್ಟೆ. ಅವರಿಗೆ ಆಡೋಕೆ ಬರಲ್ಲ, ದಾರಿ ತೋರಿಸಿ. ನಗ್ತಾ ಇರಿ. ರಾಜಕೀಯದ ಪ್ರಶ್ನೆ ಒಂದೂ ಬೇಡ."

ಅವಳು ಮೆಟ್ಟಿಲಿಳಿದು ಬೀದಿಗೆ ಬಂದಾಗ ಸಿಟ್ಟಿಗಿಂತ ನಗುವೇ ಹೆಚ್ಚು ಬಂತು. ಕೈಯಲ್ಲೊಂದು ಸುದ್ದಿ ಇತ್ತು. ಮೂರೂ ಮನೆಯವರು ಅದನ್ನು ಪಕ್ಕದ ಮನೆಯ ಕೂಸೆಂದು ಹೊಸ್ತಿಲಿನಿಂದಲೇ ಸಾಗಹಾಕಿದ್ದರು.

ಚಿಕ್ಕಮ್ಮನಿಗೆ ಹೇಳುವುದೋ ಬೇಡವೋ? ಹೇಳಿದರೆ ಅರೆಗಳಿಗೆಯಲ್ಲಿ ಓಣಿಯೆಲ್ಲ ಬೀದಿಗಿಳಿಯುತ್ತದೆ, ಪಾಲಿಕೆ ಎಚ್ಚೆತ್ತು ಆಟದ ನಕ್ಷೆಯನ್ನು ಬದಲಿಸುತ್ತದೆ, ಸೋಮವಾರದ ಒಪ್ಪಿಗೆ ಮಾತ್ರ ಬದಲಾಗದೆ ನಡೆಯುತ್ತದೆ. ಶುಕ್ರವಾರ ಬೆಳಿಗ್ಗೆ ಈ ಗೊಂದಲದಲ್ಲೇ ಅವಳು ಚಹಾ ಕುಡಿಯುತ್ತಿದ್ದಾಗ ಮೇಯರರ ಆಪ್ತ ಸಹಾಯಕ ಚಪ್ಪಲಿ ಬಿಡದೆ ಹೊಸ್ತಿಲ ಮೇಲೆ ನಿಂತ.

"ಚಿಕ್ಕಮ್ಮಾ, ನಾಳೆ ಸಾಹೇಬರ ಕಾರ್ಯಕ್ರಮ. ಅವರು ಹುಟ್ಟಿ ಬೆಳೆದ ಓಣಿಯ ಹಿರಿಯರು ಅಂತ ನೀವು ವೇದಿಕೆ ಮೇಲೆ ಬಂದು ಹೂಗುಚ್ಛ ಕೊಡಬೇಕು. ಕಾರು ಬರುತ್ತೆ."

"ಹುಟ್ಟಿ ಬೆಳೆದ ಓಣಿ!" ಅವನು ಹೋದ ಮೇಲೆ ಚಿಕ್ಕಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟಳು. "ಅವನಿಲ್ಲಿ ಇದ್ದಿದ್ದು ಅವರಪ್ಪ ಆಚೆ ಮನೆ ಕಟ್ಟೋವರೆಗೆ. ಚುನಾವಣೆಗೊಂದು ಸಲ ಇಲ್ಲಿ ಬಂದು ಹುಟ್ತಾನೆ. ಅವನ ಮೊದಲನೇ ಪ್ಯಾಂಟು ಹೊಲಿದವಳು ನಾನೇ ಕಣೆ. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ ಆಗಿತ್ತು. ಅವನಿಗೆ ಗೊತ್ತೇ ಆಗ್ಲಿಲ್ಲ, ಎದೆ ಉಬ್ಬಿಸ್ಕೊಂಡು ಓಡಾಡ್ದ."

ಪತ್ರಕರ್ತೆ ಲೋಟ ಕೆಳಗಿಟ್ಟಳು. ತಲೆಯೊಳಗೆ ಎಲ್ಲೋ ಒಂದು ಗುಂಡಿ ಒತ್ತಿದಂತಾಯಿತು. ಅವಳು ಪರದೆ ಸರಿಸಿ, ಚಿಕ್ಕಮ್ಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಆ ನೇರ ರಸ್ತೆಯನ್ನು ತೋರಿಸಿದಳು. ಸೋಮವಾರದ ಸಂಗತಿಯನ್ನೂ ಹೇಳಿದಳು.

ಚಿಕ್ಕಮ್ಮ ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು.

"ನನ್ನ ಮಿಷನ್ ಇರೋ ಜಾಗದಲ್ಲಿ ಅದೇನೇ ಅದು?"

"ಕಾರಂಜಿ."

"ನೀರು ಬರ್ತಾ ಇದೆ."

"ಹೌದು."

"ನಮ್ಮ ನಲ್ಲೀಲಿ ಬರೀ ಗಾಳಿ ಬರುತ್ತೆ. ನಾವು ಜಾಗ ಖಾಲಿ ಮಾಡಿದ ತಕ್ಷಣ ನೀರು ಚಿಮ್ಮುತ್ತೆ ಅಂತಾಯ್ತು." ಅವಳು ಟೇಪನ್ನು ಬೆರಳಿನಿಂದ ಎಳೆದು ತೆಗೆದಳು. "ಓಣಿಯೋರಿಗೆ ಹೇಳ್ಬಿಡ್ಲಾ?"

"ನಾಳೆವರೆಗೆ ಬಾಯಿ ಹೊಲ್ಕೋ ಚಿಕ್ಕಮ್ಮ. ಅವನು ಜನರೆದುರು, ಮೈಕಿನಲ್ಲಿ, ತನ್ನ ಬಾಯಿಂದ ಏನಾದ್ರೂ ಹೇಳ್ಬೇಕು. ಓಣಿ ಒಡೀತೀವಿ ಅಂದ್ರೆ ಸುದ್ದಿ. ಒಡೆಯಲ್ಲ ಅಂದ್ರೆ ವಾಗ್ದಾನ."

"ಏನೂ ಹೇಳ್ದೇ ಹೋದ್ರೆ?"

ಏನೂ ಹೇಳದೆ ಹೋಗುವುದರಲ್ಲಿ ಮೇಯರರನ್ನು ಮೀರಿಸಿದವರು ನಗರದಲ್ಲಿ ಇರಲಿಲ್ಲ. ಅವರು ಗೆದ್ದದ್ದೇ ಹಾಗೆ.

ಸಭಾಭವನ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಕುರ್ಚಿಗಳಿಗೆ ಬಿಳಿಯ ಹೊದಿಕೆ, ಬೆನ್ನಿಗೆ ನೀಲಿ ರಿಬ್ಬನ್ನಿನ ಗಂಟು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ತೆರೆ, ಮುಂದೆ ಮಖಮಲ್ಲಿನ ದಿಂಬಿನ ಮೇಲೆ ಕಿರೀಟಗಳಂತೆ ಇರಿಸಿದ ಆಟ ಆಡಿಸುವ ಎರಡು ಕಂಟ್ರೋಲರುಗಳು. ಮೊದಲ ಸಾಲಿನಲ್ಲಿ ಪಾಲಿಕೆಯ ಎಂಜಿನಿಯರು, ಅವರ ಹಿಂದೆ ಕಿರಿಯತ್ತೆ.

ಚಿಕ್ಕಮ್ಮ ಹೂಗುಚ್ಛ ಕೊಟ್ಟಳು. ಮೇಯರ್ ಬಗ್ಗಿ ಅವಳ ಕಾಲಿಗೆರಗಿದರು. ಕ್ಯಾಮೆರಾದವರು ಸರಿಯಾಗಿ ಬರಲಿಲ್ಲವೆಂದಾಗ ಮತ್ತೊಮ್ಮೆ ಎರಗಿದರು. ಆಪ್ತ ಸಹಾಯಕ ಅವಳನ್ನು ಕೆಳಗಿಳಿಸಲು ಕೈಹಿಡಿದರೆ, ಅವಳು "ಮಂಡಿ ನೋವಪ್ಪಾ" ಎನ್ನುತ್ತ ವೇದಿಕೆಯ ಮೇಲೆಯೇ ಒಂದು ಕುರ್ಚಿಯಲ್ಲಿ ಸ್ಥಾಪಿತಳಾದಳು.

ಮೇಯರ್ ಗುಂಡಿ ಒತ್ತಿದರು. ತೆರೆಯ ಮೇಲೆ ಇನ್ನೊಬ್ಬ ಮೇಯರ್ ಪ್ರತ್ಯಕ್ಷರಾದರು, ಹೊಟ್ಟೆ ಕಡಿಮೆ, ಕೂದಲು ಹೆಚ್ಚು. ಚಪ್ಪಾಳೆ. ಷರತ್ತಿನ ಗಡುವು ಅಲ್ಲಿಗೆ ಮುಗಿಯಿತು. ಪತ್ರಕರ್ತೆ ಹೇಳಿಕೊಟ್ಟಂತೆ ಮೇಯರ್ ಒಬ್ಬನಿಗೆ ಗವಸು ಕೊಟ್ಟರು, ಒಬ್ಬಳಿಗೆ ಕೊಡೆ ಕೊಟ್ಟರು. ನ್ಯಾಯದ ಅಂಕ ಏರಿತು.

"ಅಬ್ಬಾ, ನ್ಯಾಯ ಕೊಡೋದು ಇಷ್ಟು ಸುಲಭ ಅಂತ ಗೊತ್ತಿರ್ಲಿಲ್ಲ!" ಎಂದು ಅವರು ಮೈಕಿನಲ್ಲಿ ನಕ್ಕರು. ಅದು ಅವರು ಆ ವರ್ಷ ಆಡಿದ ಮೊದಲ ಪ್ರಾಮಾಣಿಕ ಮಾತಾಗಿತ್ತು.

ಈಗ ಬಾಣದ ಗುರುತು ಅವರನ್ನು ಹೊಸ ಉದ್ಯಾನದ ಕಡೆ ಕರೆಯತೊಡಗಿತು. ಪತ್ರಕರ್ತೆ ನಗುತ್ತಲೇ ಇದ್ದಳು. ಕೆನ್ನೆ ನೋಯುತ್ತಿತ್ತು.

"ಸರ್, ಉದ್ಯಾನ ಆಮೇಲೆ ನೋಡೋಣ. ಮೊದಲು ನೀವು ಹುಟ್ಟಿ ಬೆಳೆದ ಓಣಿ ತೋರಿಸ್ತೀರಾ? ಎಲ್ರೂ ಕಾಯ್ತಾ ಇದಾರೆ."

ಮೊದಲ ಸಾಲಿನಲ್ಲಿ ಎಂಜಿನಿಯರು ನೆಟ್ಟಗೆ ಕುಳಿತರು. ಕಿರಿಯತ್ತೆ ಹೆಬ್ಬೆರಳೆತ್ತಿ ಮೆಚ್ಚುಗೆ ಸೂಚಿಸಿದಳು: ರಾಜಕೀಯವಿಲ್ಲದ, ಎಂಥ ಮುದ್ದಾದ ಪ್ರಶ್ನೆ!

"ಬನ್ನಿ ಬನ್ನಿ!" ಮೇಯರರ ಎದೆ, ಆ ಮೊದಲ ಪ್ಯಾಂಟಿನ ದಿನದಂತೆ, ಉಬ್ಬಿತು. "ಕಣ್ಣು ಕಟ್ಟಿ ಬಿಟ್ರೂ ಹೋಗ್ತೀನಿ. ಇದೇ ಗಡಿಯಾರ. ಇಲ್ಲಿ ಎಡಕ್ಕೆ ತಿರುಗಿದ್ರೆ..."

ತೆರೆಯ ಮೇಲಿನ ಮೇಯರ್ ಎಡಕ್ಕೆ ತಿರುಗಿ ಮರವೊಂದಕ್ಕೆ ಡಿಕ್ಕಿ ಹೊಡೆದರು. ಸಭೆ ನಕ್ಕಿತು. ಮತ್ತೆ ತಿರುಗಿದರು, ಮತ್ತೆ ಮರ. ಎಂಜಿನಿಯರು ಕೆಮ್ಮಿದರು. ಆಪ್ತ ಸಹಾಯಕ ವೇದಿಕೆಯ ಬದಿಯಿಂದ ಕೈಯಲ್ಲಿ ಏನೇನೋ ಸನ್ನೆ ಮಾಡಿದ. ಆದರೆ ಸಾವಿರ ಜನರೆದುರು ತನ್ನ ಮನೆಯ ದಾರಿ ತನಗೇ ಸಿಗದಿರುವುದು ಮೇಯರರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಅವರು ತೆರೆಯ ಹತ್ತಿರ ಬಗ್ಗಿ, ಟ್ಯಾಂಕು ನೋಡಿ, ಗಡಿಯಾರ ನೋಡಿ, ಒಮ್ಮೆಲೆ ಬಿಡುಗಡೆಯ ಉಸಿರುಬಿಟ್ಟರು.

"ಓಹೋ, ಇವರು ಆಗಲೇ ಒಡೆದು ಅಗಲ ಮಾಡ್ಬಿಟ್ಟಿದಾರಲ್ಲ! ಅದು ಮುಂದಿನ ವರ್ಷ ಆಗಬೇಕಾದ್ದು..."

ಮೈಕು ಆ ಮಾತನ್ನು ಸಭಾಭವನದ ಕಟ್ಟಕಡೆಯ ಕುರ್ಚಿಯವರೆಗೂ ಒಯ್ದು ತಲುಪಿಸಿತು.

ಕಾರಂಜಿಯ ಸದ್ದು ಮಾತ್ರ ಸ್ಪೀಕರುಗಳಲ್ಲಿ ಸೊಗಸಾಗಿ ಕೇಳುತ್ತಿತ್ತು.

ಚಿಕ್ಕಮ್ಮ ಕುರ್ಚಿಯಿಂದೆದ್ದಳು. ಮಂಡಿ ನೋವು ಎಲ್ಲಿ ಹೋಯಿತೋ.

"ಮಗಾ, ಆ ಕಾರಂಜಿ ಇದೆಯಲ್ಲ, ಅಲ್ಲಿ ನನ್ನ ಮಿಷನ್ ಇತ್ತು. ಅದೆಲ್ಲಿ?"

ಮೇಯರ್ ತೆರೆಯನ್ನು ನೋಡಿದರು, ಎಂಜಿನಿಯರನ್ನು ನೋಡಿದರು, ಕ್ಯಾಮೆರಾದಲ್ಲಿ ಉರಿಯುತ್ತಿದ್ದ ಕೆಂಪು ದೀಪವನ್ನು ನೋಡಿದರು. ಏನೂ ಹೇಳದೆ ಹೋಗುವ ದಾರಿಯನ್ನು ಅವರ ಕಣ್ಣು ಹುಡುಕುತ್ತಿತ್ತು. ಆ ದಾರಿಯಲ್ಲಿ ಚಿಕ್ಕಮ್ಮ ನಿಂತಿದ್ದಳು.

"ಇದು... ಇದು ಆಟದವರ ತಪ್ಪು ಚಿಕ್ಕಮ್ಮ. ಕಂಪ್ಯೂಟರ್ ತಪ್ಪು."

"ಮತ್ತೆ ಮುಂದಿನ ವರ್ಷ ಅಂದ್ಯಲ್ಲ?"

"ಬಾಯ್ತಪ್ಪಿ ಬಂತು. ನಮ್ಮ ಓಣಿಯ ಒಂದು ಇಟ್ಟಿಗೇನೂ ಯಾರೂ ಮುಟ್ಟಲ್ಲ."

"ಏನಂದೆ? ಮೈಕ್ ಹತ್ರ ಹಿಡ್ಕೊಂಡು ಹೇಳಪ್ಪ, ನಂಗೆ ಕಿವಿ ಮಂದ."

ಮೂರು ಮನೆಯಾಚೆ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ಚಿಕ್ಕಮ್ಮನ ಕಿವಿಗೆ ಮೇಯರ್ ಆ ಮಾತನ್ನು ಎರಡನೆಯ ಬಾರಿ ಹೇಳಿದರು. ಮೂರನೆಯ ಬಾರಿ ಹೇಳುವಾಗ ಹಣೆಯ ಬೆವರು ಒರೆಸಿಕೊಂಡರು. "ಒಂದು ಇಟ್ಟಿಗೇನೂ ಮುಟ್ಟಲ್ಲ. ನಾನು ಮಾತು ಕೊಟ್ಟಿದೀನಿ."

"ಎಲ್ರೂ ಕೇಳಿದ್ರಲ್ಲ?" ಎಂದು ಚಿಕ್ಕಮ್ಮ ಸಭೆಯತ್ತ ತಿರುಗಿದಳು. ಚಪ್ಪಾಳೆ ಬಿತ್ತು. ಈ ಬಾರಿಯದು ರಿಬ್ಬನ್ ಕಟ್ಟಿದ ಕುರ್ಚಿಗಳಿಂದಲ್ಲ, ಹಿಂದೆ ನಿಂತಿದ್ದವರಿಂದ.

ಭಾನುವಾರವಿಡೀ ಆ ತುಣುಕು ಫೋನಿನಿಂದ ಫೋನಿಗೆ ಹಾರಾಡಿತು. ಸೋಮವಾರ ಪಾಲಿಕೆಯ ಸಭೆ ಶುರುವಾಗುವ ಹೊತ್ತಿಗೆ ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಒಳಗೆ ಯೋಜನೆಯಿಂದ ಆ ರಸ್ತೆಯನ್ನು 'ತಾಂತ್ರಿಕ ಕಾರಣಗಳಿಗಾಗಿ' ಕೈಬಿಡಲಾಯಿತು. ಆ ತಾಂತ್ರಿಕ ಕಾರಣ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು, ಪ್ರೇಕ್ಷಕರ ಮೊದಲ ಸಾಲಿನಲ್ಲೇ ಕುಳಿತಿತ್ತು.

ಮಂಗಳವಾರ ಅತ್ತೆಯರಿಂದ ಕರೆ ಬಂತು, ಮೂರೂ ಮನೆಯಿಂದ, ಒಂದರ ಹಿಂದೊಂದು. ದೊಡ್ಡತ್ತೆಗೆ ಓಣಿಯ ಹೋರಾಟದ ದೀರ್ಘ ಲೇಖನ ಬೇಕಿತ್ತು, ಗೇಮ್ ಎಂಬ ಪದ ಬರದಂತೆ. ನಡುವಿನತ್ತೆಗೆ ಕುರ್ಚಿ ಅಲ್ಲಾಡಿದ ಸದ್ದು ಕೇಳಿಸಿತ್ತು. ಬರೀ ಮೇಯರ್ ಸಾಕು, ಓಣಿಯವರು ಬೇಡ. ಕಿರಿಯತ್ತೆ ಮೊದಲು ಸಿಡಿದೇಳುವವಳಿದ್ದಳಂತೆ. ಆದರೆ ತಾಣದ ಇತಿಹಾಸದಲ್ಲೇ ಅಷ್ಟು ಜನ ಯಾವುದನ್ನೂ ನೋಡಿರಲಿಲ್ಲವಾದ್ದರಿಂದ ಧಾರಾಳವಾಗಿ ಕ್ಷಮಿಸಿದಳು.

"ವಿಮರ್ಶೆ ಬೇಗ ಕಳಿಸಿ ಮೇಡಂ. ಮೇಯರ್ ವಿಷಯ ಬಿಟ್ಟು, ಬರೀ ನಕ್ಷೆಯ ದೋಷ ಅಂತ ಬರೀರಿ."

"ನಕ್ಷೇಲಿ ದೋಷ ಇರ್ಲಿಲ್ಲ," ಎಂದಳು ಪತ್ರಕರ್ತೆ. ಅವಳು ಒಂದೇ ಲೇಖನ ಬರೆದಳು, ಒಂದಕ್ಷರವನ್ನೂ ಬಿಡದೆ, ಮತ್ತು ಅದನ್ನೇ ಮೂವರಿಗೂ ಕಳಿಸಿ, ಯಾರು ಪೂರ್ತಿ ಹಾಕುತ್ತಾರೋ ಅವರದು ಎಂದು ತಿಳಿಸಿದಳು. ಮೂರು ಮನೆಯ ಅತ್ತೆಯರೂ ಇದೇ ಮೊದಲ ಬಾರಿಗೆ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಅವಳನ್ನು ಬಯ್ದರೆಂದು ಆಮೇಲೆ ತಿಳಿಯಿತು.

ಆಟದ ಕಂಪನಿ ಆ ವಾರವೇ ನಗರವನ್ನು ತಿದ್ದಿತು. ಗಡಿಯಾರದ ಎಡಕ್ಕೆ ತಿರುಗಿದರೆ ಈಗ ಓಣಿ ಇತ್ತು, ಮೂರು ಡೊಂಕುಗಳೂ ಇದ್ದವು. ಪತ್ರಕರ್ತೆ ಚಿಕ್ಕಮ್ಮನನ್ನು ಕರೆದು ತೋರಿಸಿದಳು. ಎರಡನೆಯ ಡೊಂಕಿನಲ್ಲಿ, ತೆರೆದ ಬಾಗಿಲೊಳಗೆ, ಒಬ್ಬಾಕೆ ಮಿಷನ್ ತುಳಿಯುತ್ತಿದ್ದಳು. ನೆತ್ತಿಯ ಮೇಲೆ ಹಳದಿ ನಗುಮುಖ.

"ಇವಳ್ಯಾಕೆ ಹೀಗೆ ಹಲ್ಲು ಕಿರೀತಾ ಇದಾಳೆ?" ಚಿಕ್ಕಮ್ಮನಿಗೆ ಅಸಮಾಧಾನ. "ಯಾರಾದ್ರೂ ಕೆಲಸ ಮಾಡ್ತಾ ಹೀಗೆ ನಗ್ತಾರಾ? ಸೂಜಿ ಬೆರಳಿಗೆ ಹೋಗುತ್ತೆ." ಆಮೇಲೆ ಮುಂದೆ ಬಗ್ಗಿ ದಿಟ್ಟಿಸಿದಳು. "ಬಾಗಿಲ ಹತ್ರ ಅದೇನೇ, ನಲ್ಲೀನಾ?"

"ಹೌದು ಚಿಕ್ಕಮ್ಮ."

"ನೀರು ಬರ್ತಿದೆ."

ಇಬ್ಬರೂ ಒಟ್ಟಿಗೆ ಬಾಗಿಲಾಚೆಯ ನಿಜವಾದ ನಲ್ಲಿಯತ್ತ ನೋಡಿದರು. ಅದು ಎಂದಿನಂತೆ ಒಮ್ಮೆ ಗೊರಗೊರ ಎಂದು, ಒಂದಿಷ್ಟು ಗಾಳಿ ಬಿಟ್ಟು, ಸುಮ್ಮನಾಯಿತು.

"ಅವನಿಗೆ ಫೋನ್ ಹಚ್ಚೇ," ಎಂದಳು ಚಿಕ್ಕಮ್ಮ, ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ. "ನಂಗೆ ಮತ್ತೆ ಕಿವಿ ಮಂದ ಆಗಿದೆ ಅಂತ ಹೇಳು."